ಉಕ್ಕಿನ ಫ್ರೇಮಿಗೆ ಆಲ್ಫಾ, ಬೀಟಾ ಎಷ್ಟು ಹಾಕಬೇಕು?

ಒಂದೇ ವೇಗದಲ್ಲಿ ತಿರುಗುವ ಯಂತ್ರದ ಫ್ರೇಮಿಗೆ ಕಂಪ್ಯೂಟರಿನಲ್ಲಿ ಲೀನಿಯರ್ ಮಾದರಿ (ಬಲ ಎರಡರಷ್ಟಾದರೆ ಅಲುಗಾಟವೂ ಎರಡರಷ್ಟು) ಮಾಡಿದ್ದೇನೆ, ಡ್ಯಾಂಪಿಂಗ್ (ಕಂಪನವನ್ನು ತಗ್ಗಿಸುವ ಗುಣ) 2% ಅಂತ ಇಟ್ಟುಕೊಂಡಿದ್ದೇನೆ, ರೇಲೀ ಡ್ಯಾಂಪಿಂಗಿಗೆ ಆಲ್ಫಾ, ಬೀಟಾ ಎಷ್ಟು ಕೊಡಲಿ ಅಂತ ತಾನೇ ನಿಮ್ಮ ಪ್ರಶ್ನೆ? ರೇಲೀ ಅಂದರೆ ಡ್ಯಾಂಪಿಂಗನ್ನು ಒಂದಿಷ್ಟು ದ್ರವ್ಯರಾಶಿಯಿಂದ (ಆಲ್ಫಾ), ಒಂದಿಷ್ಟು ಬಿಗಿತದಿಂದ (ಬೀಟಾ) ಕಟ್ಟುವ ಸೂತ್ರ. ನಾನೂ ಇದನ್ನೇ ಕೇಳಿದ್ದೆ. ಸೂತ್ರ ಸಿಕ್ಕಿತು, ಸುಮ್ನೆ ಹಾಕಿಬಿಟ್ಟೆ.

ನನ್ನದು ಪಂಪಿನ ಅಡಿಗೆ ಬರುವ, ಬೋಲ್ಟ್ ಹಾಕಿ ಜೋಡಿಸಿದ ಫ್ರೇಮ್. ಮೋಟಾರು ನಿಮಿಷಕ್ಕೆ 1440 ಸುತ್ತು, ಅಂದರೆ 24 ಹರ್ಟ್ಸ್. ಫ್ರೇಮಿನ ಒಂದು ಮೋಡ್ (ಫ್ರೇಮ್ ತಾನಾಗಿ ಅಲುಗುವ ಒಂದು ರೀತಿ, ಅದಕ್ಕೆ ತನ್ನದೇ ಫ್ರೀಕ್ವೆನ್ಸಿ) ಕೂಡ ಸರಿಯಾಗಿ ಅಲ್ಲೇ ಇತ್ತು. ರೇಲೀ ಲೆಕ್ಕಕ್ಕೆ ಎರಡು ಫ್ರೀಕ್ವೆನ್ಸಿ ಕೊಡಬೇಕಲ್ವಾ, ನಾನು 5 ಮತ್ತು 100 ಹರ್ಟ್ಸ್ ಕೊಟ್ಟೆ. ವ್ಯಾಪ್ತಿ ಜಾಸ್ತಿ ಇದ್ದಷ್ಟೂ ಒಳ್ಳೆಯದು ಅಂದುಕೊಂಡಿದ್ದೆ.

ಎಡವಿದ್ದು ಇಲ್ಲೇ. ನೀವು ಹೇಳಿದ 2% ಸಿಗುವುದು ಆ ಎರಡು ಫ್ರೀಕ್ವೆನ್ಸಿಗಳಲ್ಲಿ ಮಾತ್ರ. ಆಲ್ಫಾದ ಪಾಲು ಫ್ರೀಕ್ವೆನ್ಸಿ ಏರಿದಂತೆ ಇಳಿಯುತ್ತದೆ, ಬೀಟಾದ ಪಾಲು ಏರುತ್ತದೆ. ಎರಡನ್ನೂ ಕೂಡಿಸಿದರೆ ನಡುವೆ ತಗ್ಗಿದ, ಜೋತುಬಿದ್ದ ಹಗ್ಗದಂಥ ಗೆರೆ ಬರುತ್ತದೆ. 24 ಹರ್ಟ್ಸ್ ಆ ತಗ್ಗಿನ ತಳದಲ್ಲಿತ್ತು. ಲೆಕ್ಕ ಹಾಕಿ ನೋಡಿ, ಅಲ್ಲಿ ಉಳಿದ ಡ್ಯಾಂಪಿಂಗ್ ಸುಮಾರು 0.85%. ಅನುರಣನದಲ್ಲಿ (ಯಂತ್ರದ ವೇಗ ಮೋಡಿನ ಫ್ರೀಕ್ವೆನ್ಸಿಗೆ ತಾಳೆಯಾದಾಗ) ಕಂಪನ ಎಷ್ಟು ಪಟ್ಟು ಹಿಗ್ಗುತ್ತದೆ ಅನ್ನುವುದಕ್ಕೆ ಒಂದನ್ನು ಡ್ಯಾಂಪಿಂಗಿನ ಎರಡರಷ್ಟರಿಂದ ಭಾಗಿಸಬೇಕು. 2% ಇದ್ದರೆ 25 ಪಟ್ಟು, 0.85% ಇದ್ದರೆ 58ಕ್ಕೂ ಜಾಸ್ತಿ. ಅತ್ತ 400 ಹರ್ಟ್ಸ್ ಹತ್ತಿರದ ಮೋಡುಗಳಿಗೆ 7.6% ಡ್ಯಾಂಪಿಂಗ್ ಬಿದ್ದು ಅವು ಸದ್ದಿಲ್ಲದೆ ಸತ್ತಿದ್ದವು. ಸಾಫ್ಟ್‌ವೇರ್ ಒಂದು ಎಚ್ಚರಿಕೆಯನ್ನೂ ಕೊಡಲಿಲ್ಲ, ಕೊಡುವುದೂ ಇಲ್ಲ.

ರಿಪೋರ್ಟಿನಲ್ಲಿ ಕಂಪನ ಮಿತಿ ಮೀರಿತ್ತು ಅಂತ ಫ್ರೇಮಿಗೆ ಅಡ್ಡಪಟ್ಟಿ ವೆಲ್ಡ್ ಮಾಡಿಸಿದೆವು. ಆಮೇಲೆ ಅದೇ ಥರದ ಇನ್ನೊಂದು ಫ್ರೇಮನ್ನು ಪಟ್ಟಿ ಇಲ್ಲದೆ ಓಡಿಸಿ ಅಳೆದರೆ, ಕಂಪನ ನನ್ನ ಅಂಕಿಯ ಅರ್ಧಕ್ಕಿಂತ ಕಮ್ಮಿ. ಖರ್ಚೆಲ್ಲ ನೀರುಪಾಲು. (ಓಡುವ ವೇಗದ ಮೇಲೆ ಮೋಡ್ ಇರಲೇಬಾರದಿತ್ತು ಅನ್ನುತ್ತೀರಾ? ಒಪ್ಪುತ್ತೇನೆ, ಅದು ಬೇರೆ ಜಗಳ.)

ಹಾಗಾಗಿ ನಿಮ್ಮ ಪ್ರಶ್ನೆಯೇ ತಪ್ಪು. ಆಲ್ಫಾ, ಬೀಟಾ ಉಕ್ಕಿನ ಗುಣಗಳಲ್ಲ, ಯಾರೂ ನಿಮಗೆ ಅವನ್ನು ಕೈಗೆ ಎತ್ತಿಕೊಡಲಾರರು. ನಿಮ್ಮದೂ ಒಂದೇ ವೇಗದಲ್ಲಿ ತಿರುಗುವ ಯಂತ್ರ, ಮಾದರಿ ಲೀನಿಯರ್ ಅಂದಿದ್ದೀರಿ. ಹಾಗಿದ್ದರೆ ರೇಲೀ ಬೇಕೇ ಇಲ್ಲ, ಪ್ರತಿ ಮೋಡಿಗೂ ನೇರವಾಗಿ ಡ್ಯಾಂಪಿಂಗ್ ಕೊಡಿ. ನಾನ್‌ಲೀನಿಯರ್ ಟೈಮ್ ಹಿಸ್ಟರಿ (ಕ್ಷಣಕ್ಷಣದ ಚಲನೆಯ ಲೆಕ್ಕ) ಮಾಡುವಾಗ ಬೇರೆ ದಾರಿ ಇಲ್ಲದಿದ್ದರೆ ಮಾತ್ರ ರೇಲೀ ಇರಲಿ. ಆಗಲೂ ಎರಡು ಫ್ರೀಕ್ವೆನ್ಸಿಗಳು ನಿಮಗೆ ಬೇಕಾದ ಮೋಡುಗಳ ಆಚೀಚೆ, ಹತ್ತಿರದಲ್ಲೇ ಇರಲಿ.

ಇನ್ನು ಆ 2% ಎಲ್ಲಿಂದ ಬಂತು? ಫ್ರೇಮ್ ಕೈಗೆ ಸಿಗುವಂತಿದ್ದರೆ ಆಕ್ಸೆಲರೋಮೀಟರ್ (ಕಂಪನ ಅಳೆಯುವ ಸೆನ್ಸರ್) ಅಂಟಿಸಿ, ಸುತ್ತಿಗೆಯಿಂದ ತಟ್ಟಿ, ಆ ಒಂದು ಮೋಡನ್ನು ಫಿಲ್ಟರ್ ಮಾಡಿ ನೋಡಿ. ಅಲೆಯ ಎತ್ತರ ಅರ್ಧಕ್ಕೆ ಇಳಿಯಲು ಎಷ್ಟು ಓಲಾಟ ಬೇಕೋ ಎಣಿಸಿ, 0.11ನ್ನು ಅದರಿಂದ ಭಾಗಿಸಿ. 5 ಓಲಾಟವಾದರೆ 2.2%. ಮೆಲ್ಲಗೆ ತಟ್ಟಿದರೆ ಬೋಲ್ಟಿನ ಕೀಲುಗಳು ಜಾರುವುದಿಲ್ಲ, ಡ್ಯಾಂಪಿಂಗ್ ಕಮ್ಮಿ ಕಾಣುತ್ತದೆ. ಜೋರು ಬದಲಿಸಿ ತಟ್ಟಿ, ಯಂತ್ರ ಓಡುವಾಗಿನ ಅಲುಗಾಟಕ್ಕೆ ಹತ್ತಿರದ ಅಂಕಿಯನ್ನೇ ಮಾದರಿಗೆ ಹಾಕಿ.