ಇಂಗ್ಲೆಂಡಿನ ಕಾರ್ಫ್ ಕೋಟೆ ಪಾಳುಬಿದ್ದದ್ದು ಹೇಗೆ?

ಮಳೆಗಾಳಿಗೆ ಕುಸಿದದ್ದಲ್ಲ, ಬೇಕೆಂದೇ ಸಿಡಿಮದ್ದಿಟ್ಟು ಉರುಳಿಸಿದ್ದು. ಡಾರ್ಸೆಟ್‌ನ ಕಡಿದಾದ ಗುಡ್ಡದ ಮೇಲೆ 11ನೇ ಶತಮಾನದಲ್ಲಿ, ಫ್ರಾನ್ಸ್ ಕಡೆಯಿಂದ ಬಂದು ಇಂಗ್ಲೆಂಡ್ ಗೆದ್ದ ನಾರ್ಮನ್ನರು ಕಟ್ಟಿದ ಈ ಕೋಟೆ ಬಹುಕಾಲ ಅರಸರ ಕೈಯಲ್ಲಿತ್ತು. 1572ರಲ್ಲಿ ಮೊದಲನೇ ಎಲಿಜಬೆತ್ ರಾಣಿ ಅದನ್ನು ಮಾರಿದಳು. 1635ರಲ್ಲಿ ಬ್ಯಾಂಕ್ಸ್ ಮನೆತನ ಕೊಂಡಿತು.

ಮುಂದೆ ಅರಸನಿಗೂ ಪಾರ್ಲಿಮೆಂಟಿಗೂ ಅಂತರ್ಯುದ್ಧ ಹತ್ತಿತು. ಮನೆತನ ಅರಸನ ಪಕ್ಷ. 1643ರಲ್ಲಿ ಪಾರ್ಲಿಮೆಂಟಿನ ಪಡೆ ಮುತ್ತಿಗೆ ಹಾಕಿದಾಗ ಮನೆಯ ಯಜಮಾನ ಊರಲ್ಲಿರಲಿಲ್ಲ. ಅವರ ಪತ್ನಿ ಮೇರಿ ಬ್ಯಾಂಕ್ಸ್ ಸಣ್ಣದೊಂದು ಪಡೆಯನ್ನು ಕಟ್ಟಿಕೊಂಡು ಆರು ವಾರ ಕೋಟೆ ಕಾದರು. ಇಂಥ ಧೈರ್ಯವಂತೆಯ ಹೆಸರು ನಮ್ಮಲ್ಲೂ ತಿಳಿದಿರಬೇಕು. ಎರಡನೇ ಮುತ್ತಿಗೆಯಲ್ಲಿ ಒಳಗಿನ ಅಧಿಕಾರಿಯೊಬ್ಬ ದ್ರೋಹ ಬಗೆದು, ಸಹಾಯಕ್ಕೆ ಬಂದ ಪಡೆಯೆಂದು ನಂಬಿಸಿ ಶತ್ರುಗಳನ್ನು ಒಳಗೆ ಬಿಟ್ಟ. 1646ರಲ್ಲಿ ಕೋಟೆ ಬಿತ್ತು. ಮತ್ತೆಂದೂ ಯುದ್ಧಕ್ಕೆ ಬಳಕೆಯಾಗದಂತೆ ಅದನ್ನು ಕೆಡವಲು ಪಾರ್ಲಿಮೆಂಟೇ ಆದೇಶಿಸಿತು. ಅದರ ಕಲ್ಲುಗಳು ಕೆಳಗಿನ ಹಳ್ಳಿಯ ಮನೆಗಳ ಗೋಡೆ ಸೇರಿದವು.