ಬೆಟ್ಟ ಹತ್ತೋದು ಗೊತ್ತು, ದಾರಿ ಮಾಡೋದು ಗೊತ್ತಾ?

ಪ್ರಶ್ನೆ: ವೈಟ್‌ಫೀಲ್ಡ್‌ನಲ್ಲಿ ಸಾಫ್ಟ್‌ವೇರ್ ಕೆಲಸ. ವಾರಾಂತ್ಯ ಬಂದರೆ ಚಾರಣ. ಕೆಲಸ ಬಿಟ್ಟು ಚಾರಣದ ದಾರಿ ಮಾಡುವ, ನೋಡಿಕೊಳ್ಳುವ ವೃತ್ತಿಗೆ ಬರಬೇಕು ಅಂತಿದ್ದೇನೆ ಸಾರ್. ಯಾವ ಸರ್ಟಿಫಿಕೇಟ್ ಕೋರ್ಸ್ ಮಾಡಲಿ?

ಉತ್ತರ: ಹೆಸರು ಬದಲಾಗುತ್ತದೆ, ಪ್ರಶ್ನೆ ಮಾತ್ರ ಇದೇ. ಎಲ್ಲರಿಗೂ ಮೊದಲು ಬೇಕಾಗಿರೋದು ಸರ್ಟಿಫಿಕೇಟು!

ಮುಂದಿನ ಸಲ ಸ್ಕಂದಗಿರಿಗೋ ಮಾಕಳಿದುರ್ಗಕ್ಕೋ ಹೋದಾಗ ತುದಿ ನೋಡೋದು ಬಿಟ್ಟು ಕಾಲಕೆಳಗೆ ನೋಡಿ. ದಾರಿ ಇಳಿಜಾರಿನಲ್ಲಿ ನೆಟ್ಟಗೆ ಇಳಿದ ಕಡೆ ನಡುವೆ ಕೊರಕಲು ಬಿದ್ದಿರುತ್ತದೆ, ಬೇರುಗಳು ಮೇಲೆದ್ದಿರುತ್ತವೆ. ಅಲ್ಲಿ ಕಾಲಿಡೋಕಾಗದೆ ಜನ ಪಕ್ಕದ ಹುಲ್ಲು ತುಳಿಯುತ್ತಾರೆ. ಮುಂದಿನ ಮಳೆಗೆ ಅದೂ ಕೊರಕಲು. ನಮ್ಮ ಕೆಲಸವೆಲ್ಲ ಈ ನೀರಿನ ಜೊತೆಗೇ.

ದಾರಿಯ ಏರು ಗುಡ್ಡದ ಓರೆಯ, ಅಂದರೆ ಇಳಿಜಾರಿನ, ಅರ್ಧಕ್ಕಿಂತ ಜಾಸ್ತಿ ಇರಬಾರದು. ಓರೆ ಶೇ 16 (ನೂರು ಅಡಿ ಅಡ್ಡ ದೂರಕ್ಕೆ ಹದಿನಾರು ಅಡಿ ಎತ್ತರ) ಇದ್ದರೆ ದಾರಿಯ ಏರು ಶೇ 8 ದಾಟಬಾರದು. ಓರೆ ಎಷ್ಟೇ ಕಡಿದಾಗಿರಲಿ, ದಾರಿಯ ಸರಾಸರಿ ಏರು ಶೇ 10ರೊಳಗೆ ಇದ್ದರೆ ಬಾಳಿಕೆ ಬರುತ್ತದೆ. ದಾರಿಯ ಹೊರ ಅಂಚು, ಅಂದರೆ ಇಳಿಜಾರಿನ ಕೆಳಬದಿ, ಒಂಚೂರು ತಗ್ಗಿರಬೇಕು. ಏರುತ್ತಿರುವ ದಾರಿ ಅಲ್ಲಲ್ಲಿ ಸ್ವಲ್ಪ ಇಳಿದು ಮತ್ತೆ ಏರಬೇಕು, ಆ ತಗ್ಗಿನಲ್ಲಿ ನೀರು ಹೊರಗೆ ಹೋಗುತ್ತದೆ. ಮಾಡಿ ಮುಗಿಸಿದ ಮೇಲೆ ಒಂದು ಬಾಟಲಿ ನೀರು ಸುರಿಯಿರಿ. ಅಡ್ಡ ಹರಿದು ಅಂಚು ದಾಟಿದರೆ ಸರಿ. ದಾರಿ ಹಿಡಿದು ಕೆಳಗೆ ಹರಿದರೆ ಮತ್ತೆ ಗುದ್ದಲಿ ಎತ್ತಿ.

‘ಸಿಮೆಂಟ್ ಮೆಟ್ಟಿಲು ಹಾಕಿದ್ರೆ ಆಯ್ತಲ್ವಾ’ ಅನ್ನುವ ಕಂಟ್ರಾಕ್ಟರುಗಳನ್ನು ದೂರ ಇಡಿ. ನೀರಿಗೆ ಜಾಗ ಬಿಡದ ಮೆಟ್ಟಿಲಿನ ಪಕ್ಕದ ಮಣ್ಣು ಕೊಚ್ಚಿಹೋಗಿ, ಕೊನೆಗೆ ಮೆಟ್ಟಿಲೇ ಅಲ್ಲಾಡುತ್ತದೆ. ಎರಡು ದಿನ ರೆಸಾರ್ಟಿನಲ್ಲಿ ಕೂರಿಸಿ ‘ಟ್ರೇಲ್ ಡಿಸೈನರ್’ ಅಂತ ಕಾಗದ ಕೊಡುವವರು ಇನ್ನೂ ದೊಡ್ಡ ಕಳ್ಳರು. ಉತ್ತರಕಾಶಿ, ಡಾರ್ಜಿಲಿಂಗ್‌ನ ಪರ್ವತಾರೋಹಣ ಕೋರ್ಸುಗಳು ಅಪ್ಪಟ, ಆದರೆ ಅಲ್ಲಿ ಕಲಿಸೋದು ಹತ್ತೋದನ್ನ. ಜನರನ್ನು ಕರೆದೊಯ್ಯುವ ಕೆಲಸಕ್ಕೆ ಅವು ಸರಿ.

ಕೆಲಸ ಎಲ್ಲಿದೆ? ‘ದಾರಿ ಮಾಡುವವರು ಬೇಕಾಗಿದ್ದಾರೆ’ ಅನ್ನೋ ಜಾಹೀರಾತು ಕಾಯುತ್ತಾ ಕೂರಬೇಡಿ. ಲ್ಯಾಂಡ್‌ಸ್ಕೇಪ್ ವಿನ್ಯಾಸದ ಕಚೇರಿಗಳು, ಕೆರೆ ಏರಿಯ ನಡಿಗೆ ದಾರಿಗಳು, ಮಲೆನಾಡಿನ ತೋಟ ಮತ್ತು ರೆಸಾರ್ಟುಗಳು, ಇಲ್ಲೆಲ್ಲ ಬೇರೆ ಬೇರೆ ಹೆಸರಿನಲ್ಲಿ ಇದೇ ಕೆಲಸ ಇದೆ. ಕಾಡಿನೊಳಗೆ ಮಾತ್ರ ಸ್ವಂತ ಉತ್ಸಾಹದಿಂದ ಗುದ್ದಲಿ ಹಿಡಿದು ಹೋಗಬೇಡಿ. 1963ರ ಕರ್ನಾಟಕ ಅರಣ್ಯ ಕಾಯ್ದೆ ಇದೆ, ಮೀಸಲು ಅರಣ್ಯಕ್ಕೆ ಅನುಮತಿ ಇಲ್ಲದೆ ಕಾಲಿಟ್ಟರೇ ಕೇಸು. ಗೈಡ್ ಕೆಲಸದ ಮೇಲೂ ಕಣ್ಣು ಹಾಕಬೇಡಿ, ಅದು ಅಕ್ಕಪಕ್ಕದ ಊರಿನವರಿಗೇ ಸಿಗಬೇಕು ಅನ್ನೋದು ನನ್ನ ಹಟ.

ನಿಮ್ಮ ಹತ್ತಿರ ಇರೋದು ಕಂಪ್ಯೂಟರ್ ವಿದ್ಯೆ. ಕ್ಯೂಜಿಐಎಸ್ ಅನ್ನೋ ನಕ್ಷೆ ಮಾಡುವ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ, ಕಲಿಯಿರಿ. ಇಳಿಜಾರಿನ ನಕ್ಷೆ ಮಾಡೋದು, ದಾರಿ ಎಲ್ಲಿ ಸವೆಯುತ್ತಿದೆ ಅಂತ ದಾಖಲಿಸೋದು, ಬುಕಿಂಗ್, ಜನರ ಲೆಕ್ಕ, ನಿರ್ವಹಣೆ ಅಂದರೆ ಇದೇ. ಒಂದು ಮಳೆಗಾಲ ಪೂರ್ತಿ ನಿಮ್ಮ ಏರಿಯಾದ ಕೆರೆ ತಂಡದವರ ಜೊತೆ ಮಣ್ಣು ಹೊರಿ. ಅಲ್ಲಿಯವರೆಗೆ ದಯವಿಟ್ಟು ರಾಜೀನಾಮೆ ಕೊಡಬೇಡಿ, ಮನೆ ಸಾಲ ಇದ್ದರಂತೂ ಕೊಡಲೇಬೇಡಿ.

ಪ್ರಶ್ನೆ: ಯಾರಿಗೂ ಗೊತ್ತಿಲ್ಲದ ಜಾಗಗಳ ರೀಲ್ಸ್ ಮಾಡುತ್ತೇನೆ. ಚಾರಣದ ಪ್ರಚಾರವನ್ನೇ ವೃತ್ತಿ ಮಾಡಿಕೊಳ್ಳಬಹುದಾ?

ಉತ್ತರ: 2024ರ ಜನವರಿಯಲ್ಲಿ ಕುಮಾರಪರ್ವತಕ್ಕೆ ಸಾವಿರಾರು ಜನ ನುಗ್ಗಿದ್ದು ನೆನಪಿದೆಯಾ? ಆಮೇಲೆ ಆನ್‌ಲೈನ್ ಬುಕಿಂಗ್ ಇಲ್ಲದ ಕಡೆಯೆಲ್ಲ ಸರ್ಕಾರ ಚಾರಣವನ್ನೇ ನಿಲ್ಲಿಸಬೇಕಾಯಿತು. ಜನ ಕಡಿಮೆ ಇರುವ ದಿನ, ಬುಕಿಂಗ್ ಇರುವ ದಾರಿ, ಇವುಗಳ ಬಗ್ಗೆ ಹೇಳೋಕೆ ಬಂದರೆ ಮಾಡಿ. ಗುಟ್ಟಿನ ಜಲಪಾತದ ಲೊಕೇಶನ್ ಹಾಕೋದಾದರೆ ಬೇರೆ ಕೆಲಸ ನೋಡಿಕೊಳ್ಳಿ.

ಪ್ರಶ್ನೆ: ದಾರಿ ತಪ್ಪದಿರಲು ಬಂಡೆಗಳ ಮೇಲೆ ಬಣ್ಣದ ಬಾಣ ಬರೆಯಬಹುದಾ?

ಉತ್ತರ: ಬೇಡ.

ಪ್ರಶ್ನೆ: ಶಿರಸಿಯಲ್ಲಿ ಬಿಎಸ್ಸಿ ಅರಣ್ಯಶಾಸ್ತ್ರ ಓದುತ್ತಿದ್ದೇನೆ, ಮನೆ ಬೆಂಗಳೂರಲ್ಲಿ. ಮುಂದೆ ಟೂರಿಸಂ ಎಂಬಿಎ ಮಾಡಲಾ?

ಉತ್ತರ: ಯಾಕಮ್ಮಾ? ಮಣ್ಣು, ಮರ ಎರಡೂ ಗೊತ್ತಿರೋ ನೀನು ಆರ್‌ಎಫ್‌ಒ (ವಲಯ ಅರಣ್ಯಾಧಿಕಾರಿ) ಪರೀಕ್ಷೆಗೆ ಕೂರು. ಕಾಡಿನ ದಾರಿ ಯಾವಾಗ ತೆರೆಯಬೇಕು, ಯಾವಾಗ ಮುಚ್ಚಬೇಕು ಅನ್ನೋದು ಇಲಾಖೆಯೊಳಗೇ ತೀರ್ಮಾನ ಆಗೋದು. ರಜೆಗೆ ಬಂದಾಗ ಕ್ಲಿನೋಮೀಟರ್ ಹಿಡಿದು ಇಳಿಜಾರು ಅಳೆಯೋದು ಅಭ್ಯಾಸ ಮಾಡು, ಫೋನಿನ ಆ್ಯಪ್ ಆದರೂ ನಡೆಯುತ್ತೆ.