ಸೊಕೊಬನ್‌ನಲ್ಲಿ ಕೊನೆಯ ಪೆಟ್ಟಿಗೆಯೇ ಏಕೆ ಸಿಕ್ಕಿಹಾಕಿಕೊಳ್ಳುತ್ತದೆ? ನಾನು ಹಂಚಿದ ಲೆವೆಲ್ ಬೇರೆಯವರಲ್ಲಿ ಏಕೆ ಕೆಡುತ್ತದೆ?

ಸೊಕೊಬನ್ ಎಂದರೆ ಗೋಡೆಗಳ ನಡುವೆ ಆಳೊಬ್ಬನನ್ನು ನಡೆಸಿ, ಪೆಟ್ಟಿಗೆಗಳನ್ನೆಲ್ಲ ಗುರಿಯ ಮನೆಗಳಿಗೆ ತಳ್ಳುವ ಕಂಪ್ಯೂಟರ್ ಆಟ. ಕೊನೆಯ ಪೆಟ್ಟಿಗೆ ಸಿಕ್ಕಿಕೊಳ್ಳುವ ಹೊತ್ತಿಗೆ ಆಟ ಎಷ್ಟೋ ನಡೆ ಹಿಂದೆಯೇ ಸತ್ತಿರುತ್ತದೆ. ನಮಗೆ ಗೊತ್ತಾಗುವುದು ತಡವಾಗಿ, ಅಷ್ಟೇ. 1982ರಲ್ಲಿ ಜಪಾನಿನ ಥಿಂಕಿಂಗ್ ರ್ಯಾಬಿಟ್ ಕಂಪನಿ ಹೊರತಂದಾಗಿನಿಂದ ನಿಯಮ ಒಂದೇ: ತಳ್ಳಬಹುದು, ಎಳೆಯುವಂತಿಲ್ಲ, ಒಂದು ಸಲಕ್ಕೆ ಒಂದೇ ಪೆಟ್ಟಿಗೆ.

ಗುರಿಯಿಲ್ಲದ ಮೂಲೆಗೆ ಹೋದ ಪೆಟ್ಟಿಗೆ ಮತ್ತೆ ಬಾರದು ಎಂಬುದು ಎಲ್ಲರಿಗೂ ಗೊತ್ತು. ಹೆಚ್ಚು ಜನ ಸೋಲುವುದು ಗೋಡೆಯ ಬಳಿ. ಗೋಡೆಗೆ ತಾಗಿದ ಪೆಟ್ಟಿಗೆಯನ್ನು ಈಚೆಗೆ ತಳ್ಳಬೇಕಾದರೆ ಆಳು ಗೋಡೆಯೊಳಗೆ ನಿಲ್ಲಬೇಕು! ಹಾಗಾಗಿ ಮೂಲೆಯಿಂದ ಮೂಲೆಗೆ ನೇರ ಗೋಡೆಯಿದ್ದು, ಅದರ ಪಕ್ಕದ ಸಾಲಿನಲ್ಲಿ ಗುರಿಯ ಮನೆ ಒಂದೇ ಇದ್ದರೆ, ಎರಡನೇ ಪೆಟ್ಟಿಗೆಯನ್ನು ಅಲ್ಲಿಗೆ ತಾಗಿಸಿದ ಕ್ಷಣವೇ ಆಟ ಮುಗಿಯಿತು. ಗೋಡೆಗುಂಟ ಎರಡು ಪೆಟ್ಟಿಗೆ ಒತ್ತಾಗಿ ನಿಂತರೂ ಎರಡೂ ಅಲುಗುವುದಿಲ್ಲ. ಎರಡೂ ಗುರಿಯ ಮೇಲೇ ಇದ್ದರೆ ಮಾತ್ರ ಚಿಂತೆಯಿಲ್ಲ. 2×2 ಮನೆಗಳಲ್ಲಿ ನಾಲ್ಕು ಪೆಟ್ಟಿಗೆ ಕೂಡಿದರೂ ಇದೇ ಕಥೆ.

ನನ್ನ ಪ್ರಕಾರ ಇದಕ್ಕೆ ಒಳ್ಳೆಯ ಮದ್ದು ಲೆವೆಲನ್ನು ಹಿಂದಿನಿಂದ ಓದುವುದು. ಪೆಟ್ಟಿಗೆಗಳೆಲ್ಲ ಗುರಿಯಲ್ಲೇ ಇವೆ ಅಂದುಕೊಂಡು ಮನಸ್ಸಿನಲ್ಲೇ ಒಂದೊಂದಾಗಿ ಹೊರಗೆಳೆಯಿರಿ. ಎಳೆಯಲು ಪೆಟ್ಟಿಗೆಯ ಪಕ್ಕ ಒಂದೇ ಸಾಲಿನಲ್ಲಿ ಎರಡು ಖಾಲಿ ಮನೆ ಬೇಕು: ಒಂದು ಪೆಟ್ಟಿಗೆಗೆ, ಒಂದು ಆಳಿಗೆ. ಮೊದಲು ಹೊರಬಂದದ್ದು ಆಟದಲ್ಲಿ ಕೊನೆಗೆ ಒಳಹೋಗಬೇಕು. ಈ ಸರದಿಯನ್ನು ಚೀಟಿಯಲ್ಲಿ ಬರೆದಿಟ್ಟುಕೊಂಡು ಆಡಲು ಶುರುಮಾಡಿ. ನಡೆ ಹಿಂತೆಗೆಯುವ ಅನ್‌ಡು ಒತ್ತಲು ಸಂಕೋಚ ಬೇಡ. ಸೊಕೊಬನ್ ಪಿ-ಸ್ಪೇಸ್-ಕಂಪ್ಲೀಟ್, ಅಂದರೆ ಲೆಕ್ಕ ಹಾಕಿ ಬಿಡಿಸಲು ಬಹಳ ಕಷ್ಟವೆನಿಸಿದ ಸಮಸ್ಯೆಗಳ ಗುಂಪಿಗೆ ಸೇರಿದ್ದು, ಎಂದು ಕಂಪ್ಯೂಟರ್ ವಿಜ್ಞಾನಿ ಜೋಸೆಫ್ ಕಲ್ಬರ್ಸನ್ 1997ರಲ್ಲೇ ತೋರಿಸಿದ್ದಾರೆ. ಕಂಪ್ಯೂಟರಿಗೂ ಇದು ಸುಲಭದ ತುತ್ತಲ್ಲ.

ಇನ್ನು ನೀವು ಹಂಚಿದ ಲೆವೆಲ್. ಪಠ್ಯವಾಗಿ ಅಂಟಿಸಿದ್ದರೆ ಸಾಲಿನ ಆರಂಭದ ಖಾಲಿ ಜಾಗ ಅಳಿಸಿಹೋಗಿ, ಗೋಡೆ ಎಡಕ್ಕೆ ಸರಿದಿರುವ ಸಾಧ್ಯತೆಯೇ ಹೆಚ್ಚು. ಖಾಲಿ ಮನೆಗೆ ಸ್ಪೇಸ್ ಬದಲು ಅಡ್ಡಗೆರೆ ಹಾಕಿ:

######
#@-$.#
######

# ಗೋಡೆ, @ ಆಳು, $ ಪೆಟ್ಟಿಗೆ, ಚುಕ್ಕೆ ಗುರಿ. ಗುರಿಯ ಮೇಲಿನ ಪೆಟ್ಟಿಗೆಗೆ *, ಗುರಿಯ ಮೇಲೆ ನಿಂತ ಆಳಿಗೆ +. ಹಾಕುವ ಮುಂಚೆ ಎಣಿಸಿ: ಆಳು ಒಬ್ಬನೇ ಇರಬೇಕು, ಪೆಟ್ಟಿಗೆ ಮತ್ತು ಗುರಿ ಸಮ ಇರಬೇಕು (* ಎರಡೂ ಲೆಕ್ಕಕ್ಕೆ ಸೇರುತ್ತದೆ), ಗೋಡೆಯಲ್ಲಿ ಬಿರುಕಿರಬಾರದು.

ಜೊತೆಗೆ ನಿಮ್ಮ ಪರಿಹಾರವನ್ನೂ ಹಾಕಿದರೆ ‘ಬಿಡಿಸಲಾಗದು’ ಎಂಬ ಮಾತು ಏಳುವುದೇ ಇಲ್ಲ. ಬರೀ ನಡೆದರೆ ದಿಕ್ಕಿನ ಇಂಗ್ಲಿಷ್ ಹೆಸರಿನ ಮೊದಲ ಅಕ್ಷರ ಸಣ್ಣದಾಗಿ (ಬಲಕ್ಕೆ r), ತಳ್ಳಿದರೆ ಅದೇ ದೊಡ್ಡಕ್ಷರವಾಗಿ (R). ಮೇಲಿನ ಲೆವೆಲ್‌ಗೆ ಉತ್ತರ ಸಣ್ಣ ಆರ್, ದೊಡ್ಡ ಆರ್: ಎರಡು ನಡೆ, ಅದರಲ್ಲಿ ಒಂದು ತಳ್ಳು.

ಲೀಡರ್‌ಬೋರ್ಡ್ ನೋಡುವಾಗಲೂ ಈ ಎರಡು ಲೆಕ್ಕ ಬೇರೆಬೇರೆ ಎಂಬುದು ನೆನಪಿರಲಿ. ಕಡಿಮೆ ತಳ್ಳಿನ ಉತ್ತರದಲ್ಲಿ ಓಡಾಟ ಜಾಸ್ತಿ ಇರಬಹುದು. ನಡೆ ಇಳಿಸಬೇಕಿದ್ದರೆ ನಿಮ್ಮ ರಿಪ್ಲೇಯಲ್ಲಿ ಸಣ್ಣಕ್ಷರಗಳ ಉದ್ದ ಸಾಲು ಎಲ್ಲಿದೆ ಹುಡುಕಿ, ಅಲ್ಲಿ ಪೆಟ್ಟಿಗೆಗಳ ಸರದಿ ಬದಲಿಸಿ ನೋಡಿ. ಕೊನೆಯ ಪೆಟ್ಟಿಗೆ ಸೇರಿದ ಮೇಲೆ ವಾಪಸ್ ನಡೆಯಬೇಕಾಗಿಲ್ಲ. ಆದ್ದರಿಂದ ಸಾಧ್ಯವಾದರೆ ಹೆಚ್ಚು ದೂರದಿಂದ ಬರುವ ಪೆಟ್ಟಿಗೆಯನ್ನು ಕೊನೆಗೆ ಇಟ್ಟುಕೊಳ್ಳಿ.